ಕೈಗೆತ್ತಿಕೊಂಡ ಕೆಲಸ ಕಡಿಮೆ ಇದ್ದಷ್ಟೂ ಬೇಗ ಮುಗಿಯುತ್ತೆ: ಸಾಫ್ಟ್‌ವೇರ್ ತಂಡಗಳ ‘ಬೋರ್ಡ್’ ನಮ್ಮ ತೋಟಕ್ಕೆ ಬಂದ ಬಗೆ

ಕಳೆದ ಬೇಸಿಗೆಯಲ್ಲಿ ನಾವು 60 ಬಾಕ್ಸ್ ಟೊಮೆಟೊ ಗುಂಡಿಗೆ ಸುರಿದೆವು. ರೇಟ್ ಬಿದ್ದಿತ್ತು ಅಂತಲ್ಲ, ಆ ವಾರ ರೇಟ್ ಚೆನ್ನಾಗೇ ಇತ್ತು. ಹಣ್ಣೂ ಚೆನ್ನಾಗಿತ್ತು.

ಆಗಿದ್ದು ಇಷ್ಟು. ಗುರುವಾರ ಸಂಜೆ ಬೋರ್‌ವೆಲ್ ಪಕ್ಕದ ತಾಕಿಗೆ ಅಣ್ಣ ಔಷಧಿ ಹೊಡೆದಿದ್ದ. ಹೊಡೆದ ಮೇಲೆ ಇಷ್ಟು ದಿನ ಹಣ್ಣು ಕೀಳಬಾರದು ಅಂತ ಡಬ್ಬಿಯ ಲೇಬಲ್ ಮೇಲೆ ಬರೆದಿರುತ್ತೆ. ಅಣ್ಣ ಅದನ್ನು ನನಗೆ ಫೋನಿನಲ್ಲಿ ಹೇಳಿದ. ನಾನು ‘ಹೂಂ’ ಅಂದೆ. ಶನಿವಾರ ಬೆಳಿಗ್ಗೆ, ಅಪರೂಪಕ್ಕೆ ಆರು ಜನ ಆಳು ಒಟ್ಟಿಗೆ ಸಿಕ್ಕಿದ್ರು. ಅಪ್ಪ ಆ ತಾಕಿನ ಹಣ್ಣನ್ನೇ ಕೀಳಿಸಿಬಿಟ್ರು. ಟೆಂಪೋಗೆ ಏರಿಸುವಾಗ ಅಣ್ಣ ಬಂದು ನೋಡಿ, ‘ಇದನ್ನ ಕೀಳೋಕೆ ಯಾರು ಹೇಳಿದ್ದು?’ ಅಂದ. ಕೂಲಿ ಕೊಟ್ಟು ಕೀಳಿಸಿದ 900 ಕಿಲೋ ಹಣ್ಣನ್ನು ಮತ್ತೆ ಕೂಲಿ ಕೊಟ್ಟು ಸುರಿಸಿದ್ವಿ. ಹಾಗೇ ಮಂಡಿಗೆ ಕಳಿಸಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಅದನ್ನ ತಿನ್ನೋ ಮಕ್ಕಳು ಯಾರದ್ದೋ.

ಅಣ್ಣನ ತಪ್ಪಿಲ್ಲ, ಅವನು ಹೇಳಿದ್ದ. ಅಪ್ಪನ ತಪ್ಪೂ ಇಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಸುದ್ದಿ ನನ್ನ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತ್ತು. ನನಗೆ ನಾಚಿಕೆಯಾಗಿದ್ದು ಇನ್ನೊಂದು ಕಾರಣಕ್ಕೆ. ಊರಿಗೆ ವಾಪಸ್ ಬರುವ ಮೊದಲು ಆರು ವರ್ಷ ಬೆಂಗಳೂರಿನಲ್ಲಿ ಒಂದು ಪ್ರಾಡಕ್ಟ್ ಟೀಮ್‌ನಲ್ಲಿ ಟೆಸ್ಟರ್ ಆಗಿದ್ದೆ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಾಗದೆ ಕೆಲಸ ಕೆಡಬಾರದು ಅಂತಲೇ ಅಲ್ಲಿ ಒಂದು ಸಾಫ್ಟ್‌ವೇರ್ ಬಳಸ್ತಿದ್ವಿ. ದಿನಾ ಬಳಸ್ತಿದ್ದ ಆ ಪದ್ಧತಿಯನ್ನು ಮನೆಗೆ ತರಬೇಕು ಅಂತ ನನಗೆ ಹೊಳೆದಿರಲಿಲ್ಲ. ಈ ವಾರ ಅದರ ಬಗ್ಗೆಯೇ ಬರೆಯುತ್ತಿದ್ದೇನೆ: ಆ ತಂಡಗಳು ಕೆಲಸವನ್ನು ಹೇಗೆ ಜೋಡಿಸಿಕೊಳ್ಳುತ್ತವೆ, ಅದರಲ್ಲಿ ನಮಗೆ ಬೇಕಾದ್ದು ಎಷ್ಟು, ಬೇಡದ್ದು ಎಷ್ಟು.

ಪ್ರಾಡಕ್ಟ್ ಟೀಮ್ ಅಂದ್ರೆ ಯಾರು?

ನಿಮ್ಮ ಫೋನಿನಲ್ಲಿ ದುಡ್ಡು ಕಳಿಸುವ ಆ್ಯಪ್ ಇದೆ, ಹವಾಮಾನ ನೋಡುವ ಆ್ಯಪ್ ಇದೆ. ಇಂಥ ಒಂದೊಂದರ ಹಿಂದೆಯೂ ತಂಡಗಳಿರುತ್ತವೆ. ಏನು ಮಾಡಬೇಕು, ಯಾವುದು ಮೊದಲು ಅಂತ ತೀರ್ಮಾನಿಸುವವರು ಪ್ರಾಡಕ್ಟ್ ಮ್ಯಾನೇಜರ್. ಪರದೆ ಹೇಗೆ ಕಾಣಬೇಕು ಅಂತ ಬರೆದು ತೋರಿಸುವವರು ಡಿಸೈನರ್. ಕೋಡ್ ಬರೆಯುವವರು ಡೆವಲಪರ್. ಬರೆದದ್ದು ಸರಿಯಾಗಿ ನಡೆಯುತ್ತಾ ಅಂತ ನೋಡುವವರು ಟೆಸ್ಟರ್. ಸಾಮಾನ್ಯವಾಗಿ ಒಂದು ತಂಡದಲ್ಲಿ ಹತ್ತು ಜನದ ಒಳಗೇ ಇರುತ್ತಾರೆ.

‘ದುಡ್ಡು ಕಳಿಸಿದ ಮೇಲೆ ಬರುವ ರಸೀದಿ ಕನ್ನಡದಲ್ಲಿ ಬೇಕು’ ಅಂತ ಗ್ರಾಹಕರು ಕೇಳಿದ್ರು ಅಂದುಕೊಳ್ಳಿ. ಕೇಳೋಕೆ ಸಣ್ಣ ಕೆಲಸ. ಆದ್ರೆ ಅದು ನಾಲ್ಕು ಕೈ ದಾಟಬೇಕು. ಟೊಮೆಟೊ ಸಸಿ ನರ್ಸರಿಯಿಂದ ಬಂದು, ನಾಟಿಯಾಗಿ, ಕಡ್ಡಿ ನೆಟ್ಟು, ದಾರ ಕಟ್ಟಿ, ಹಣ್ಣು ಕಿತ್ತು, ಮಂಡಿ ಸೇರುವ ಹಾಗೆ. ನಮ್ಮಲ್ಲಿ ಸಸಿ ಕಣ್ಣಿಗೆ ಕಾಣುತ್ತೆ. ಸಾಫ್ಟ್‌ವೇರ್ ಕೆಲಸ ಕಾಣಲ್ಲ, ಎಲ್ಲಾ ಕಂಪ್ಯೂಟರ್ ಒಳಗಿರುತ್ತೆ. ಯಾರ ಕೈಯಲ್ಲಿ ಏನಿದೆ, ಎಲ್ಲಿ ನಿಂತಿದೆ ಅನ್ನೋದು ಪಕ್ಕದ ಕುರ್ಚಿಯವನಿಗೂ ಗೊತ್ತಾಗಲ್ಲ. ಹಾಗಾಗಿ ಕಾಣದ ಕೆಲಸವನ್ನು ಕಾಣುವ ಹಾಗೆ ಮಾಡಲು ಬೇರೆಯದೇ ಸಾಫ್ಟ್‌ವೇರ್ ಬಂತು.

ಇವುಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಜಿರಾ. ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ 2002ರಲ್ಲಿ ಇದನ್ನು ಹೊರತಂದಿತು. ಇನ್ನೊಂದು ಟ್ರೆಲೋ, 2011ರಲ್ಲಿ ನ್ಯೂಯಾರ್ಕ್‌ನ ಒಂದು ಸಣ್ಣ ಕಂಪನಿಯಿಂದ ಬಂದಿದ್ದು. 2017ರಲ್ಲಿ ಅದನ್ನೂ ಅಟ್ಲಾಸಿಯನ್ 42.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಫೇಸ್‌ಬುಕ್ ಬಿಟ್ಟುಬಂದ ಇಬ್ಬರು ಶುರುಮಾಡಿದ ಆಸನಾ ಅಂತ ಮತ್ತೊಂದಿದೆ. ಹೆಸರು ಬೇರೆ ಬೇರೆ, ಒಳಗಿನ ಹುರುಳು ಮೂರೇ ಮಾತು: ಕಾರ್ಡ್, ಕಾಲಂ, ಮಿತಿ.

ಕಾರ್ಡ್: ಒಂದು ಕೆಲಸ, ಒಂದು ಹೆಸರು

ಒಂದು ಕೆಲಸಕ್ಕೆ ಒಂದು ಕಾರ್ಡ್. ಅದರ ಮೇಲೆ ಕೆಲಸದ ಹೆಸರು, ಮಾಡುವವರ ಹೆಸರು, ಯಾವ ತಾರೀಕಿಗೆ ಮುಗಿಯಬೇಕು, ಒಳಗೆ ಸಣ್ಣ ಸಣ್ಣ ಹಂತಗಳ ಪಟ್ಟಿ. ಫೋಟೋ ಹಾಕಬಹುದು, ಮಾತು ಬರೆಯಬಹುದು. ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋದು ತಾನಾಗೇ ದಾಖಲಾಗುತ್ತೆ.

ನನ್ನ ತಂಡದಲ್ಲಿ ಕಟ್ಟುನಿಟ್ಟಾಗಿದ್ದ ನಿಯಮ ಒಂದು: ಕಾರ್ಡ್ ಮೇಲೆ ಒಬ್ಬರದೇ ಹೆಸರು. ಸಹಾಯ ಹತ್ತು ಜನ ಮಾಡಲಿ, ಕೇಳಿದಾಗ ಉತ್ತರ ಕೊಡಬೇಕಾದವರು ಒಬ್ಬರೇ. ಇಬ್ಬರ ಹೆಸರಿದ್ರೆ ‘ಅವನು ಮಾಡ್ತಾನೆ’ ಅಂತ ಇವನು, ‘ಇವನು ಮಾಡ್ತಾನೆ’ ಅಂತ ಅವನು. ಡ್ರಿಪ್ ಫಿಲ್ಟರ್ ತೊಳೆಯೋದು ನಮ್ಮ ಮನೆಯಲ್ಲಿ ಎರಡು ವರ್ಷ ಹೀಗೇ ನಡೆದಿತ್ತು. ಎಲ್ಲರ ಕೆಲಸವಾಗಿತ್ತು, ಆದ್ದರಿಂದ ಯಾರ ಕೆಲಸವೂ ಆಗಿರಲಿಲ್ಲ.

ಇನ್ನೊಂದು ನಿಯಮ, ‘ಮುಗಿಯಿತು’ ಅಂದ್ರೆ ಏನು ಅಂತ ಮೊದಲೇ ಬರೆದಿಡೋದು. ಡೆವಲಪರ್ ಕೋಡ್ ಬರೆದು ‘ನನ್ನದು ಮುಗೀತು’ ಅಂದ್ರೆ ಅದು ಮುಗಿದ ಹಾಗಲ್ಲ. ಟೆಸ್ಟರ್ ನೋಡಿ, ತಪ್ಪು ಸರಿಯಾಗಿ, ಗ್ರಾಹಕರ ಫೋನಿಗೆ ತಲುಪಿದಾಗ ಮುಗಿಯಿತು. ನಮ್ಮಲ್ಲೂ ಅಷ್ಟೇ. ಔಷಧಿ ಹೊಡೆದು ಪಂಪು ಕೆಳಗಿಟ್ಟ ತಕ್ಷಣ ‘ಔಷಧಿ ಕೆಲಸ ಮುಗೀತು’ ಅಂತೀವಿ. ನಿಜವಾಗಿ ಮುಗಿಯೋದು ಕಾಯುವ ದಿನಗಳೂ ಕಳೆದ ಮೇಲೆ. ನಮ್ಮ 60 ಬಾಕ್ಸ್ ಹೋಗಿದ್ದು ಈ ವ್ಯತ್ಯಾಸದಲ್ಲೇ.

ಕಾಲಂ: ಕೆಲಸ ಎಲ್ಲಿ ನಿಂತಿದೆ?

ಬೋರ್ಡ್ ಮೇಲೆ ಎಡದಿಂದ ಬಲಕ್ಕೆ ಕಾಲಂಗಳಿರುತ್ತವೆ. ‘ಮಾಡಬೇಕಾದ್ದು’, ‘ಡಿಸೈನ್’, ‘ಕೋಡ್’, ‘ಟೆಸ್ಟ್’, ‘ಮುಗಿದಿದ್ದು’ ಅಂತ. ಕೆಲಸ ಮುಂದುವರಿದ ಹಾಗೆ ಕಾರ್ಡನ್ನು ಬೆರಳಿನಿಂದ ಎಳೆದು ಮುಂದಿನ ಕಾಲಂಗೆ ಹಾಕೋದು. ಎಡತುದಿಯ ಪಟ್ಟಿಯಲ್ಲಿ ಮೇಲಿರುವುದೇ ಮೊದಲು. ಆ ಸಾಲನ್ನು ಜೋಡಿಸೋದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ. ಹಲವು ತಂಡಗಳು ಎರಡು ವಾರಕ್ಕೊಮ್ಮೆ ಕೂತು, ಮುಂದಿನ ಎರಡು ವಾರಕ್ಕೆ ಯಾವ ಕಾರ್ಡ್ ಅಂತ ಆರಿಸಿಕೊಳ್ಳುತ್ತವೆ.

ದಿನಾ ಬೆಳಿಗ್ಗೆ ಬೋರ್ಡ್ ಮುಂದೆ ಹದಿನೈದು ನಿಮಿಷ ಎಲ್ಲರೂ ನಿಂತೇ ಮಾತಾಡೋದು. ನಮ್ಮ ತಂಡ ಬಲದಿಂದ ಎಡಕ್ಕೆ ನೋಡ್ತಿತ್ತು, ಅಂದ್ರೆ ಮುಗಿಯೋಕೆ ಹತ್ತಿರ ಇರೋದು ಮೊದಲು. ‘ನೀನು ನಿನ್ನೆ ಏನು ಮಾಡಿದೆ’ ಅಂತ ಕೇಳ್ತಿರಲಿಲ್ಲ. ‘ಈ ಕಾರ್ಡ್ ಮೂರು ದಿನದಿಂದ ಇಲ್ಲೇ ಇದೆ, ಏನು ಅಡ್ಡ ಬಂದಿದೆ?’ ಅಂತ ಕೇಳ್ತಿದ್ವಿ. ಕೇಳುವ ರೀತಿ ಇಷ್ಟು ಬದಲಾದ್ರೆ ಜಗಳ ಅರ್ಧ ಕಡಿಮೆ.

ಮಿತಿ: ಇದು ಕಾರ್ ಕಾರ್ಖಾನೆಯಿಂದ ಬಂದ ಪಾಠ

ಈ ಬೋರ್ಡಿಗೆ ‘ಕಾನ್ಬಾನ್’ ಅಂತಲೂ ಹೆಸರಿದೆ. ಜಪಾನಿ ಭಾಷೆಯಲ್ಲಿ ಫಲಕ ಅಂತ ಅರ್ಥ. ಎರಡನೇ ಮಹಾಯುದ್ಧದ ನಂತರ ಜಪಾನಿನ ಟೊಯೋಟಾ ಕಾರ್ ಕಂಪನಿಯಲ್ಲಿ ದುಡ್ಡೂ ಕಡಿಮೆ, ಜಾಗವೂ ಕಡಿಮೆ. ಬೇಕೋ ಬೇಡವೋ ಬಿಡಿಭಾಗ ಮಾಡಿ ರಾಶಿ ಹಾಕುವಷ್ಟು ಶಕ್ತಿ ಇರಲಿಲ್ಲ. ಅಲ್ಲಿನ ಎಂಜಿನಿಯರ್ ತಾಯಿಚಿ ಓನೊ ಅಮೆರಿಕದ ಸೂಪರ್‌ಮಾರ್ಕೆಟ್ ಪದ್ಧತಿಯಿಂದ ಒಂದು ಉಪಾಯ ತೆಗೆದುಕೊಂಡರು. ಅಂಗಡಿಯಲ್ಲಿ ಗ್ರಾಹಕರು ಒಯ್ದಷ್ಟನ್ನೇ ಕಪಾಟಿಗೆ ಮತ್ತೆ ತುಂಬುತ್ತಾರೆ. ಹಾಗೇ ಮುಂದಿನ ಹಂತದವರು ಭಾಗಗಳನ್ನು ಬಳಸಿ ಕಾರ್ಡ್ ವಾಪಸ್ ಕಳಿಸಿದಾಗ ಮಾತ್ರ ಹಿಂದಿನ ಹಂತದವರು ಹೊಸದು ಮಾಡಬೇಕು. ಕಾರ್ಡ್ ಬರಲಿಲ್ಲ ಅಂದ್ರೆ ಮಾಡುವ ಹಾಗಿಲ್ಲ. ಕಾರ್ಡ್ ಇದ್ದದ್ದು ಬರೀ ‘ಮಾಡು’ ಅನ್ನೋದಕ್ಕಲ್ಲ, ‘ಸದ್ಯ ನಿಲ್ಲು’ ಅನ್ನೋದಕ್ಕೂ.

ಸಾಫ್ಟ್‌ವೇರ್ ತಂಡಗಳಿಗೆ ಈ ‘ನಿಲ್ಲು’ ಅನ್ನುವ ಪಾಠ ತಲುಪಿದ್ದಕ್ಕೆ ನಮ್ಮ ಪಕ್ಕದ ಹೈದರಾಬಾದಿನ ಒಂದು ಕಥೆ ಇದೆ. 2004ರ ಸುಮಾರಿಗೆ ಮೈಕ್ರೋಸಾಫ್ಟ್‌ನ ಒಳಗಿನ ಐಟಿ ವಿಭಾಗಕ್ಕೆ ಹೈದರಾಬಾದಿನ ಒಂದು ಸಣ್ಣ ತಂಡ ಕೆಲಸ ಮಾಡಿಕೊಡ್ತಿತ್ತು. ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡೋದು ಅವರ ಕೆಲಸ. ಒಂದು ಬದಲಾವಣೆ ಕೇಳಿದವರು ಐದು ತಿಂಗಳಷ್ಟು ಕಾಯಬೇಕಿತ್ತು. ಇಡೀ ವಿಭಾಗದಲ್ಲಿ ಅತಿ ಕೆಟ್ಟ ಹೆಸರು ಆ ತಂಡದ್ದೇ.

ಡೇವಿಡ್ ಆ್ಯಂಡರ್ಸನ್ ಎಂಬುವರ ಸಲಹೆ ಪಡೆದು ನೋಡಿದಾಗ ಸೋಮಾರಿತನ ಕಾಣಲಿಲ್ಲ, ಬೇರೇನೋ ಕಂಡಿತು. ಹೊಸ ಬೇಡಿಕೆ ಬಂದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ‘ಇದಕ್ಕೆ ಎಷ್ಟು ದಿನ ಹಿಡಿಯುತ್ತೆ’ ಅಂತ ಅಂದಾಜು ಮಾಡಿ ಕೊಡಬೇಕಿತ್ತು. ಆ ಬೇಡಿಕೆಗಳಲ್ಲಿ ಎಷ್ಟೋ ಮುಂದೆ ಕೈಗೆತ್ತಿಕೊಳ್ಳುವಂಥವೇ ಅಲ್ಲ. ಅವರು ಎರಡು ಬದಲಾವಣೆ ಮಾಡಿದ್ರು. ಅಂದಾಜು ಕೊಡೋದು ನಿಲ್ಲಿಸಿದ್ರು. ತಂಡದ ಮುಂದಿನ ಸಾಲಿನಲ್ಲಿ ಕೆಲವೇ ಕೆಲಸ ಇರಬೇಕು, ಒಂದು ಜಾಗ ಖಾಲಿಯಾದಾಗ ಮಾತ್ರ ಇನ್ನೊಂದು ಸೇರಬೇಕು ಅಂತ ಮಿತಿ ಹಾಕಿದ್ರು. ಮೊದಲ ಸುಧಾರಣೆ ಹೊಸ ಜನ ಸೇರಿಸದೇ ಬಂತು, ಜನ ಸೇರಿಸಿದ್ದು ಆಮೇಲೆ. ಒಂದು ವರ್ಷದೊಳಗೆ, ಐದು ತಿಂಗಳು ಹಿಡಿಯುತ್ತಿದ್ದ ಕೆಲಸ ಎರಡು ವಾರದ ಸುಮಾರಿಗೆ ಮುಗಿಯುವ ಹಾಗಾಯಿತು.

ಇದರ ಲೆಕ್ಕ ಸುಲಭ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದ್ರು. ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಸಮಯ ಬೇಕಾದ್ರೆ, ತೆರೆದಿರುವ ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿ. ನಿಮ್ಮ ಮನೆಯವರೆಲ್ಲ ಸೇರಿ ವಾರಕ್ಕೆ 6 ಕೆಲಸ ಮುಗಿಸ್ತೀರಿ ಅಂತಿಟ್ಟುಕೊಳ್ಳಿ. 18 ಕೆಲಸ ಶುರುಮಾಡಿ ಅರ್ಧಂಬರ್ಧ ಬಿಟ್ಟಿದ್ರೆ, ಒಂದೊಂದಕ್ಕೆ ಸರಾಸರಿ 3 ವಾರ. 6 ಮಾತ್ರ ತೆರೆದಿಟ್ಟುಕೊಂಡ್ರೆ 1 ವಾರ. ಕೈ ಅಷ್ಟೇ, ದುಡಿಮೆಯೂ ಅಷ್ಟೇ. ಹೆಚ್ಚು ಕೆಲಸ ಶುರು ಮಾಡಿದ್ರೆ ಹೆಚ್ಚು ಮುಗಿಯುತ್ತೆ ಅನ್ನೋದು ಬರೀ ಭ್ರಮೆ. ಅರ್ಧ ತಾಕಿಗೆ ದಾರ ಕಟ್ಟಿ, ಬೀನ್ಸ್ ಕಳೆಗೆ ಹೋಗಿ, ಅದನ್ನೂ ಬಿಟ್ಟು ಪೈಪ್ ರಿಪೇರಿಗೆ ಹೋದ್ರೆ, ಸಂಜೆಗೆ ಮೈ ನೋಯುತ್ತೆ, ಟೊಮೆಟೊ ಗಿಡ ಮಾತ್ರ ನೆಲಕ್ಕೇ ಬಿದ್ದಿರುತ್ತೆ.

ನಮ್ಮ ಮನೆಯಲ್ಲಿ ಏನಾಯ್ತು?

ಹಣ್ಣು ಸುರಿದ ಆ ರಾತ್ರಿ ಫೋನಿಗೆ ಟ್ರೆಲೋ ಹಾಕಿ, ಉತ್ಸಾಹದಲ್ಲಿ 40 ಕಾರ್ಡ್ ಮಾಡಿದೆ. ಅಣ್ಣನಿಗೂ ಹಾಕಿಕೊಟ್ಟೆ. ಒಂದು ವಾರ ನಡೀತು, ಆಮೇಲೆ ನಿಂತುಹೋಯ್ತು. ಕಾರಣ ಸ್ಪಷ್ಟವಾಗಿತ್ತು: ತೋಟದಲ್ಲಿ ತೀರ್ಮಾನ ಮಾಡೋರು ಅಪ್ಪ, ಅಪ್ಪ ಆ್ಯಪ್ ನೋಡಲ್ಲ. ‘ತೋಟ ಏನು ಕಾರ್ಖಾನೆ ಏನಪ್ಪಾ? ಮಳೆ ಬಂದ್ರೆ ನಿನ್ನ ಕಾರ್ಡ್ ಏನ್ಮಾಡುತ್ತೆ?’ ಅಂದ್ರು. ಮಾತು ನಿಜವೇ. ತೀರ್ಮಾನ ಮಾಡುವವರು ನೋಡದ ಬೋರ್ಡ್ ಇದ್ದೂ ಇಲ್ಲದ ಹಾಗೆ.

ಎರಡನೇ ಸಲ ಪಂಪ್‌ಹೌಸ್ ಗೋಡೆಗೆ ಕಪ್ಪು ಬಣ್ಣ ಬಳಿದು, ಸೀಮೆಸುಣ್ಣದಲ್ಲಿ ಐದು ಕಾಲಂ ಗೆರೆ ಎಳೆದೆ.

1. ಮಾಡಬೇಕಾದ್ದು: ಮುಖ್ಯವಾದ್ದು ಮೇಲೆ.
2. ಈ ವಾರ: ಹೆಚ್ಚೆಂದರೆ 6.
3. ಮಾಡ್ತಿರೋದು: ಹೆಚ್ಚೆಂದರೆ 3. ನಾವು ಮೂವರು, ಒಬ್ಬರಿಗೆ ಒಂದು.
4. ಕಾಯ್ತಿರೋದು: ಔಷಧಿ ಹೊಡೆದ ತಾಕು, ಆರ್ಡರ್ ಕೊಟ್ಟ ಸಸಿ, ರಿಪೇರಿಗೆ ಕೊಟ್ಟ ಮೋಟರ್. ಎಲ್ಲಕ್ಕೂ ‘ಎಲ್ಲಿಯವರೆಗೆ’ ಅನ್ನೋ ತಾರೀಕು ಕಡ್ಡಾಯ.
5. ಮುಗಿದಿದ್ದು: ಭಾನುವಾರ ಫೋಟೋ ತೆಗೆದು ಅಳಿಸೋದು.

ನಾಲ್ಕನೇ ಕಾಲಂ ನಮ್ಮ ಮನೆಯ ಜೀವಾಳ. ಔಷಧಿ ಹೊಡೆದವರು ಪಂಪು ತೊಳೆದ ತಕ್ಷಣ ಅಲ್ಲಿ ಕೆಂಪು ಸೀಮೆಸುಣ್ಣದಲ್ಲಿ ಬರೀಬೇಕು: ತಾಕಿನ ಹೆಸರು, ಔಷಧಿ, ಹೊಡೆದ ದಿನ, ಕೀಳಬಹುದಾದ ದಿನ. ಕೆಂಪು ಹೆಸರಿರುವ ತಾಕಿನಲ್ಲಿ ಯಾರೂ ಹಣ್ಣು ಕೀಳಿಸೋ ಹಾಗಿಲ್ಲ, ಅಪ್ಪನೂ ಸೇರಿ. ಆಳು ಸಿಗಲಿ, ರೇಟ್ ಏರಲಿ. ಲೇಬಲ್‌ನ ಫೋಟೋ ತೆಗೆದು ಆ್ಯಪ್‌ನ ಕಾರ್ಡಿಗೆ ಹಾಕೋದು ನನ್ನ ಕೆಲಸ. ಕೊಳ್ಳುವವರು ‘ಯಾವಾಗ ಏನು ಹೊಡೆದಿದ್ರಿ’ ಅಂದ್ರೆ ಫೋನ್ ತೆಗೆದು ತೋರಿಸ್ತೀನಿ.

ಮಳೆ ಬಂದ್ರೆ ಏನು ಅನ್ನೋ ಪ್ರಶ್ನೆಗೂ ಪ್ರಾಡಕ್ಟ್ ಟೀಮ್‌ಗಳಲ್ಲಿ ಉತ್ತರ ಇದೆ. ಆ್ಯಪ್ ಇದ್ದಕ್ಕಿದ್ದ ಹಾಗೆ ನಿಂತುಹೋದ್ರೆ ಅವರು ಕಾರ್ಡ್ ಸಾಲು ನೋಡ್ತಾ ಕೂರಲ್ಲ. ಅಂಥ ತುರ್ತಿಗೆ ಪ್ರತ್ಯೇಕ ಸಾಲು ಇಡ್ತಾರೆ, ಅದರಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ನಾವೂ ಬೋರ್ಡಿನ ಮೇಲ್ಗಡೆ ‘ತುರ್ತು’ ಅಂತ ಒಂದೇ ಒಂದು ಜಾಗ ಬಿಟ್ಟಿದ್ದೇವೆ. ಮಳೆ ನೀರು ಹೊರಹಾಕೋದು, ಮೋಟರ್ ಸುಟ್ಟಿದ್ದು ಅಲ್ಲಿಗೆ ಬರುತ್ತೆ. ಅದು ಬಂದಾಗ ಕೈಲಿರೋ ಒಂದು ಕೆಲಸ ನಿಲ್ಲುತ್ತೆ. ಯಾವುದು ನಿಂತಿತು ಅಂತ ಬೋರ್ಡ್ ಹೇಳುತ್ತೆ, ಮಳೆ ನಿಂತ ಮೇಲೆ ಅದು ಮರೆತು ಹೋಗಲ್ಲ.

ಅಪ್ಪ ಈಗಲೂ ‘ಕಾರ್ಡ್’ ಅನ್ನಲ್ಲ, ‘ಗೋಡೆ’ ಅಂತಾರೆ. ಹೋದ ತಿಂಗಳು ಆಳು ಸಿಕ್ಕಿದ ದಿನ ಬೆಳಿಗ್ಗೆ ಫೋನ್ ಮಾಡಿ, ‘ಗೋಡೇಲಿ ಮೇಲಿನ ತಾಕು ಕೆಂಪಿದೆ. ಇವತ್ತು ಇವರನ್ನ ಬೀನ್ಸಿಗೆ ಹಾಕ್ತೀನಿ’ ಅಂದ್ರು. ಅಷ್ಟು ಸಾಕು ನನಗೆ.

ನೀವು ಶುರು ಮಾಡೋದಾದ್ರೆ

1. ಮೊದಲು ಗೋಡೆ ಅಥವಾ ಹಾಳೆ, ಆಮೇಲೆ ಆ್ಯಪ್. ಎರಡು ವಾರ ಗೋಡೆಯಲ್ಲಿ ನಡೆದ್ರೆ ಮಾತ್ರ ಫೋನಿಗೆ ಹೋಗಿ. ಗೋಡೆಯಲ್ಲಿ ನಡೆಯದ್ದು ಫೋನಿನಲ್ಲೂ ನಡೆಯಲ್ಲ.

2. ಕಾರ್ಡ್ ಹೆಸರು ಕೆಲಸ ಮುಗಿದದ್ದು ಗೊತ್ತಾಗುವ ಹಾಗಿರಲಿ. ‘ಡ್ರಿಪ್’ ಅಂತ ಬರೀಬೇಡಿ. ‘ಮೇಲಿನ ತಾಕಿನ ಫಿಲ್ಟರ್ ತೊಳೆದು, ಕೊನೆಯ ಸಾಲಿಗೂ ನೀರು ಬರುತ್ತಾ ನೋಡೋದು’ ಅಂತ ಬರೆಯಿರಿ. ಆ್ಯಪ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಬಹುದು, ಮಾತಾಡಿ ಟೈಪ್ ಮಾಡಿಸಿದ್ರೂ ಆಗುತ್ತೆ.

3. ಒಂದು ಕಾರ್ಡಿಗೆ ಒಂದೇ ಹೆಸರು. ಅವ್ವನ ಹೆಸರನ್ನೂ ಬರೆಯಿರಿ. ಹಸು, ಹಾಲು, ಆಳಿನ ಊಟ ಅಂತ ಅವರು ಮಾಡೋದನ್ನೆಲ್ಲ ಬೋರ್ಡಿಗೆ ಹಾಕಿದ ದಿನವೇ ನಮ್ಮ ಮನೆಯಲ್ಲಿ ಯಾರ ಕೈ ತುಂಬಿದೆ ಅಂತ ಎಲ್ಲರಿಗೂ ಗೊತ್ತಾಗಿದ್ದು.

4. ‘ಮಾಡ್ತಿರೋದು’ ಕಾಲಂಗೆ ಸಂಖ್ಯೆ ಬರೆದು ಅದಕ್ಕೆ ನಿಷ್ಠೆಯಿಂದಿರಿ. ಜಿರಾದಲ್ಲಿ ಮಿತಿ ದಾಟಿದ್ರೆ ಕಾಲಂ ಬಣ್ಣ ಬದಲಾಗುತ್ತೆ. ಬೇರೆ ಕಡೆ ಕಾಲಂ ಹೆಸರಿನ ಪಕ್ಕದಲ್ಲೇ 3 ಅಂತ ಬರೆದ್ರೆ ಸಾಕು. ಮಿತಿ ತುಂಬಿದಾಗ ಹೊಸದು ಶುರು ಮಾಡಬೇಡಿ, ಇರೋದನ್ನ ಮುಗಿಸೋಕೆ ಕೈಜೋಡಿಸಿ.

5. ಬೆಳಿಗ್ಗೆ ಕಾಫಿ ಹೊತ್ತಿಗೆ ಹತ್ತು ನಿಮಿಷ. ಬಲದಿಂದ ಎಡಕ್ಕೆ ನೋಡಿ. ‘ಯಾಕೆ ಮಾಡಿಲ್ಲ’ ಅನ್ನಬೇಡಿ, ‘ಏನು ಅಡ್ಡ ಬಂತು’ ಅನ್ನಿ.

6. ವಾಟ್ಸ್ಆ್ಯಪ್ ಗ್ರೂಪ್ ಇದಕ್ಕೆ ಬದಲಿ ಅಲ್ಲ. ಅಲ್ಲಿ ಮಾತು ಬರುತ್ತೆ, ಮೇಲೆ ಸರಿಯುತ್ತೆ, ಶುಭೋದಯದ ಫೋಟೋ ಕೆಳಗೆ ಹೂತುಹೋಗುತ್ತೆ. ಬೋರ್ಡಿನಲ್ಲಿ ಕೆಲಸ ಮುಗಿಯುವವರೆಗೆ ಕಾರ್ಡ್ ಕಣ್ಣಮುಂದೆ ಇರುತ್ತೆ.

7. ದುಡ್ಡು ಕೊಟ್ಟು ಯಾವ ಆ್ಯಪನ್ನೂ ಕೊಳ್ಳಬೇಡಿ. ಒಂದು ಮನೆಯವರಿಗೆ ಟ್ರೆಲೋದಂಥ ಆ್ಯಪ್‌ನ ಉಚಿತ ಭಾಗವೇ ಹೆಚ್ಚು. ಬ್ಯಾಂಕ್ ಪಾಸ್‌ವರ್ಡ್, ಆಧಾರ್ ಫೋಟೋ ಬೋರ್ಡಿಗೆ ಹಾಕಬೇಡಿ.

ಕೊನೆಗೊಂದು ಎಚ್ಚರಿಕೆ. ಕೆಲವು ಕಂಪನಿಗಳಲ್ಲಿ ಇದೇ ಬೋರ್ಡನ್ನು ಜನರ ಮೇಲೆ ಕಣ್ಣಿಡೋಕೆ ಬಳಸ್ತಾರೆ: ಯಾರು ಎಷ್ಟು ಕಾರ್ಡ್ ಮುಗಿಸಿದ್ರು ಅಂತ ಲೆಕ್ಕ. ಹಾಗೆ ಮಾಡಿದ ಕಡೆ ಜನ ಸುಲಭದ ಕಾರ್ಡನ್ನೇ ಎತ್ತಿಕೊಳ್ಳುತ್ತಾರೆ, ಕಷ್ಟದ್ದು ಹಾಗೇ ಉಳಿಯುತ್ತೆ. ನಿಮ್ಮ ತಮ್ಮನ ಮೇಲಾಗಲಿ, ಕೂಲಿಗೆ ಬರುವವರ ಮೇಲಾಗಲಿ ಈ ಕೋಲು ಬೀಸಬೇಡಿ. ಬೋರ್ಡ್ ಎಣಿಸಬೇಕಾದ್ದು ಕೆಲಸವನ್ನು, ಮನುಷ್ಯರನ್ನಲ್ಲ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಹಾಳೆ ತಗೊಳ್ಳಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಶುರು ಮಾಡಿ ಮುಗಿಸದೇ ಇರೋ ಕೆಲಸಗಳನ್ನು ಮಾತ್ರ ಬರೆದು ಎಣಿಸಿ. ನಮ್ಮ ಮನೆಯಲ್ಲಿ ಮೊದಲ ದಿನ 23 ಇತ್ತು. ಔಷಧಿ ಹೊಡೆದ ತಾಕು ಯಾವುದಾದ್ರೂ ಇದ್ರೆ, ಅದನ್ನ ಕೆಂಪಲ್ಲಿ ಬರೆದು ಎಲ್ಲರಿಗೂ ಕಾಣೋ ಕಡೆ ಅಂಟಿಸಿ ಮಲಗಿ.